ಸಭಾಕಂಪಕ್ಕೆ ಮದ್ದು: ಮನಸ್ಸಿಗೆ ಈ ಕ್ಷಣದ ಕೆಲಸ ಕೊಡುವುದು ಹೇಗೆ

ಯಕ್ಷಗಾನ, ತಾಳಮದ್ದಲೆ, ಭಜನೆ, ನಾಟಕ ಅಂತ ವರ್ಷವಿಡೀ ಒಂದಲ್ಲ ಒಂದು ವೇದಿಕೆ ಕಟ್ಟುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಆದರೂ ಪ್ರತಿಭಾ ಕಾರಂಜಿಗೆ ಹೊರಟ ಹುಡುಗಿಗೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ವರದಿ ಓದಬೇಕಾದವರಿಗೆ ಅವತ್ತಿನ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಎರಡು ಮಾತು ಆಡಿ ಅಂದರೆ ಹಿಂದಿನ ಬಾಗಿಲಿನಿಂದ ಹೊರಟೇಹೋಗುವ ದೊಡ್ಡವರೂ ಇದ್ದಾರೆ.

ಇಂಥವರಿಗೆ ಸುತ್ತಲಿನವರು ಹೇಳುವುದು ಒಂದೇ ಮಾತು: "ಹೆದರಬೇಡ ಮಾರಾಯಾ, ಧೈರ್ಯ ತಗೊ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೆದರಬೇಡ ಅಂದಷ್ಟೂ ಮನಸ್ಸು ಹೆದರಿಕೆಯನ್ನೇ ತಿರುಗಿ ತಿರುಗಿ ನೋಡುತ್ತದೆ. ಅಳುವ ಮಗುವಿಗೆ ಅಳಬೇಡ ಅಂದರೆ ಕೇಳುವುದಿಲ್ಲ, ಕೈಗೊಂದು ಸೌಟು ಕೊಟ್ಟರೆ ಸುಮ್ಮನಾಗುತ್ತದೆ. ಮನಸ್ಸೂ ಹಾಗೇ. ಸಿರಸಿಯಲ್ಲಿ ಮಕ್ಕಳಿಗೆ ಭಾಷಣ ಹೇಳಿಕೊಡುತ್ತಾ, ಮಳೆಗಾಲದಲ್ಲಿ ಹವ್ಯಾಸಿ ತಾಳಮದ್ದಲೆಗೆ ಕೂರುತ್ತಾ ನನಗೆ ಮನದಟ್ಟಾದದ್ದು ಇಷ್ಟು: ಹೆದರಿಕೆಯನ್ನು ಓಡಿಸುವುದಕ್ಕೆ ಹೋಗಬಾರದು. ಗಮನಕ್ಕೆ ಈಗ, ಇಲ್ಲೇ ಮಾಡುವಂಥ ಒಂದು ಸಣ್ಣ ಕೆಲಸ ಕೊಡಬೇಕು. ಯಾವಾಗ, ಯಾವ ಕೆಲಸ ಕೊಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಭಾಷಣ, ಹಾಡು, ವೇಷ, ನಿರೂಪಣೆ, ನೌಕರಿಯ ಸಂದರ್ಶನ, ಎಲ್ಲಕ್ಕೂ ಇದು ಹೊಂದುತ್ತದೆ.

ಮೈಯಲ್ಲಿ ಆಗುವುದೇನು ಅಂತ ಮೊದಲು ತಿಳಿದುಕೊಳ್ಳಿ

ಮೆದುಳಿನೊಳಗೆ ಅಮಿಗ್ಡಲಾ ಅನ್ನುವ ಪುಟ್ಟ ಭಾಗವಿದೆ. ಅಪಾಯ ಕಂಡರೆ ಅದು ತಕ್ಷಣ ಎಚ್ಚರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ. ಚರ್ಮಕ್ಕೂ ಹೊಟ್ಟೆಗೂ ಹೋಗುವ ರಕ್ತ ಕಡಿಮೆಯಾಗಿ ಕೈಕಾಲುಗಳ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ. ಬೆರಳು ತಣ್ಣಗಾಗುವುದು, ಹೊಟ್ಟೆ ತೊಳಸುವುದು ಇದರಿಂದಲೇ. ಬಾಯಲ್ಲಿ ನೀರು ಕಡಿಮೆಯಾಗಿ ನಾಲಿಗೆ ಒಣಗುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ, ದನಿ ನಡುಗುತ್ತದೆ.

ಇದು ರೋಗವಲ್ಲ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಸಜ್ಜಾಗುವ ರೀತಿ. ಎದುರಿಗೆ ಕಾಡುಹಂದಿ ಬಂದಿದ್ದರೆ ಇದೆಲ್ಲ ಉಪಯೋಗಕ್ಕೆ ಬರುತ್ತಿತ್ತು. ಎದುರಿಗೆ ಇರುವುದು ಕುರ್ಚಿಯ ಮೇಲೆ ಕೂತ ನಮ್ಮೂರಿನವರು, ಅಷ್ಟೇ. ಅನುಭವ ಜಾಸ್ತಿಯಾದರೆ ಇದು ಪೂರ್ತಿ ಹೋಗಿಬಿಡುತ್ತದೆ ಅಂತಲೂ ಇಲ್ಲ. ಜಗತ್ತಿನ ಬಹುದೊಡ್ಡ ಚೆಲ್ಲೋ ವಾದಕ ಪಾಬ್ಲೊ ಕಸಾಲ್ಸ್‌ಗೆ ಕಛೇರಿಯ ಮುಂಚಿನ ಹೆದರಿಕೆ ಜೀವನದ ಕೊನೆಯವರೆಗೂ ಬಿಡಲಿಲ್ಲ. ಅವರು ನುಡಿಸುವುದನ್ನೂ ಬಿಡಲಿಲ್ಲ.

ಹಾಗಾದರೆ ವೇದಿಕೆಯ ಮೇಲೆ ಮಾತು ಕೆಡುವುದು ಯಾವುದರಿಂದ? ಎದೆ ಬಡಿತದಿಂದ ಅಲ್ಲ. ಎದೆ ಬಡಿಯುತ್ತಿದ್ದಾಗಲೂ ಚೆನ್ನಾಗಿ ಮಾತಾಡಬಹುದು. ಕೆಡುವುದು ಗಮನ ಒಳಗೆ ತಿರುಗಿದಾಗ. ನಾನು ಹೇಗೆ ಕಾಣುತ್ತಿದ್ದೇನೆ, ದನಿ ನಡುಗಿದ್ದು ಅವರಿಗೆ ಗೊತ್ತಾಯಿತೋ ಏನೋ, ಮುಂದಿನ ಸಾಲು ಮರೆತರೆ ಏನು ಗತಿ. ಇವು ಮೂರೂ ಮಾತಾಡುತ್ತಿರುವಾಗಲೇ ತಲೆಯಲ್ಲಿ ಓಡುತ್ತಿರುತ್ತವೆ. ಕ್ಲಾರ್ಕ್ ಮತ್ತು ವೆಲ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1995ರಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಮುಂದಿಟ್ಟರು. ಜನರೆದುರು ಅಂಜುವವರು ಎದುರಿನ ಜನರನ್ನು ನೋಡುವುದನ್ನು ಬಿಟ್ಟು ತಮ್ಮನ್ನೇ ತಾವು ಕಾವಲು ಕಾಯುತ್ತಾರೆ, ಅದರಿಂದಲೇ ಅಂಜಿಕೆ ಇಳಿಯದೆ ಉಳಿಯುತ್ತದೆ ಅನ್ನುವುದು ಅವರ ಮಾತು. ಆ ಕಾವಲನ್ನು ಬಿಡಿಸಿ ಗಮನವನ್ನು ಹೊರಗೆ ತರುವುದೇ ನಮ್ಮ ಕೆಲಸ.

ನಾಲ್ಕು ವಾರ ಮುಂಚೆ: ಹೆದರಿಕೆ ಇಲ್ಲದ ಜಾಗದಲ್ಲಿ ಅಭ್ಯಾಸ

ವೇದಿಕೆ ಹತ್ತುವ ದಿನವೇ ಇದನ್ನೆಲ್ಲ ಮೊದಲ ಸಲ ಮಾಡಲು ಹೋದರೆ ಆಗುವುದಿಲ್ಲ. ಈಜು ಬಾರದವರು ನೆರೆ ಬಂದ ದಿನ ಹೊಳೆಗೆ ಇಳಿಯುತ್ತಾರಾ? ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ದಿನಾ ಮಾಡಬೇಕು.

ಕಿವಿಯಿಂದ ಶುರು ಮಾಡಿ. ಕಾರವಾರದವರಾದರೆ ಟ್ಯಾಗೋರ್ ಕಡಲತೀರದಲ್ಲಿ ಕೂತುಕೊಳ್ಳಿ. ಒಂದು ಅಲೆ ಮುರಿಯುವ ಸದ್ದು, ಮರಳಿನ ಮೇಲೆ ಅದು ಹರಡುವ ಸದ್ದು, ವಾಪಸು ಹೋಗುವಾಗಿನ ಸಣ್ಣ ಸರಸರ. ಮೂರೂ ಬೇರೆ ಬೇರೆ. ಅಷ್ಟನ್ನೂ ಕೇಳಿ, ಮುಂದಿನ ಅಲೆಗೆ ಹೋಗಿ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಮಳೆಗಾಲ ಸಾಕು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಒಂದು, ಕೊಟ್ಟಿಗೆಯ ತಗಡಿನ ಮೇಲೆ ಇನ್ನೊಂದು, ಅಡಕೆ ಸೋಗೆಯ ಮೇಲೆ ಮತ್ತೊಂದು. ಒಂದೊಂದನ್ನೇ ಹಿಡಿದು ಕೇಳಿ. ನಡುವೆ ಮನಸ್ಸು ನಾಳೆಗೆ ಓಡುತ್ತದೆ. ಓಡಿತು ಅಂತ ಗೊತ್ತಾದ ಕೂಡಲೇ ಬೈಯದೆ ಕಿವಿಗೆ ವಾಪಸು ಕರೆತನ್ನಿ.

ಮನಸ್ಸು ನಿಲ್ಲುತ್ತಲೇ ಇಲ್ಲ, ಇದು ನನ್ನಿಂದಾಗುವ ಕೆಲಸ ಅಲ್ಲ ಅಂತ ಜಾಸ್ತಿ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಮನಸ್ಸು ಓಡದೆ ಕೂರುವುದು ಇಲ್ಲಿ ಗುರಿಯೇ ಅಲ್ಲ. ಓಡಿದ್ದು ಗೊತ್ತಾಗಿ ವಾಪಸು ಬರುವುದು, ಅದೇ ಅಭ್ಯಾಸ. ಹತ್ತು ನಿಮಿಷದಲ್ಲಿ ಐವತ್ತು ಸಲ ಓಡಿದರೆ ಐವತ್ತು ಸಲ ವಾಪಸು ಬರುವುದನ್ನು ಕಲಿತ ಹಾಗಾಯಿತು. ವೇದಿಕೆಯ ಮೇಲೆ ನಿಮಗೆ ಬೇಕಾಗುವುದು ಈ ವಾಪಸು ಬರುವ ರೂಢಿ ಮಾತ್ರ.

ಎರಡನೆಯದು ಪಾದ. ಇದನ್ನು ಎಲ್ಲಿ ಬೇಕಾದರೂ ಮಾಡಬಹುದು. ಸಿರಸಿಯಿಂದ ಕುಮಟೆಗೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಮಾಡಿ ನೋಡಿ. ಬಸ್ಸು ಎಡಕ್ಕೆ ತಿರುಗಿದರೆ ಬಲಗಾಲಿನ ಮೇಲೆ ಭಾರ, ಬಲಕ್ಕೆ ತಿರುಗಿದರೆ ಎಡಗಾಲಿನ ಮೇಲೆ. ಹಿಮ್ಮಡಿ, ಪಾದದ ಅಂಚು, ಹೆಬ್ಬೆರಳು, ಎಲ್ಲಿ ಒತ್ತಡ ಇದೆ ಅಂತ ಗಮನಿಸುತ್ತಾ ಹೋಗಿ. ಮೈಕಿನ ಮುಂದೆ ನಿಂತಾಗ ನಿಮ್ಮ ಜೊತೆ ಖಂಡಿತ ಇರುವುದು ಈ ಎರಡು ಪಾದಗಳೇ. ಕಾಗದ ಕೈತಪ್ಪಬಹುದು, ಮೈಕು ಕೆಡಬಹುದು.

ಮೂರನೆಯದು ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ತಗೊಳ್ಳಿ, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು 6 ಉಸಿರು ಆಗುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಮಕ್ಕಳಿಗೆ ಎಣಿಕೆಯ ರಗಳೆ ಬೇಡ, 'ನಿಧಾನ ಬಿಡು' ಅಂದರೆ ಸಾಕು. ಒಂದು ಎಚ್ಚರಿಕೆ: ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟರೆ ಗಾಬರಿ ಹೆಚ್ಚೇ ಆಗುತ್ತದೆ. ಅಂಥವರು ಉಸಿರಿನ ತಂಟೆಗೆ ಹೋಗದೆ ಕಿವಿ, ಪಾದ ಎರಡನ್ನೇ ಹಿಡಿದುಕೊಳ್ಳಲಿ.

ಇದೇನೂ ಹೊಸದಲ್ಲ. ಬಂದುಹೋಗುವ ಉಸಿರನ್ನು ಗಮನಿಸುವ ಆನಾಪಾನಸತಿ ಬುದ್ಧನ ಕಾಲದ್ದು. ಅಮೆರಿಕದ ಜಾನ್ ಕಬತ್-ಜಿನ್ 1979ರಲ್ಲಿ ಇಂಥ ಅಭ್ಯಾಸವನ್ನು ಆಸ್ಪತ್ರೆಯ ರೋಗಿಗಳಿಗೆ ಪಾಠವಾಗಿ ಹೇಳಿಕೊಡತೊಡಗಿದರು.

ಮಾತಿನ ತಯಾರಿ ಇಲ್ಲದಿದ್ದರೆ ಇದ್ಯಾವುದೂ ನಡೆಯುವುದಿಲ್ಲ

ಈ ಕ್ಷಣದಲ್ಲಿ ಇರುವುದು ಅಂದರೆ ತಯಾರಿ ಇಲ್ಲದೆ ಹೋಗುವುದಲ್ಲ. ವಿಷಯ ಗೊತ್ತಿಲ್ಲದವನಿಗೆ ಬರುವ ಹೆದರಿಕೆ ನ್ಯಾಯವಾದದ್ದೇ. ಅದನ್ನು ಓದಿಯೇ ಕಳೆಯಬೇಕು.

ಆದರೆ ತಯಾರಿಯ ರೀತಿ ಮುಖ್ಯ. ಇಡೀ ಭಾಷಣವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ ಮಕ್ಕಳನ್ನು ನೋಡಿ. ಅವರ ಕಣ್ಣು ಜನರ ಮೇಲೆ ಇರುವುದಿಲ್ಲ, ತಲೆಯೊಳಗಿನ ಕಾಗದದ ಮೇಲೆ ಇರುತ್ತದೆ. ಒಂದು ಶಬ್ದ ತಪ್ಪಿದರೆ ಮುಂದಿನದೆಲ್ಲ ಕುಸಿಯುತ್ತದೆ. ಹಾಗಾಗಿ ಮೊದಲ ಮೂರು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ. ನಡುವಿನದಕ್ಕೆ ನಾಲ್ಕೈದು ಅಂಶ ಸಾಕು. ಅಂಗೈಯಗಲದ ದಪ್ಪ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ತೆಳು ಹಾಳೆ ಬೇಡ, ಕೈ ನಡುಗಿದರೆ ಅದು ಪಟಪಟ ಅನ್ನುತ್ತದೆ.

ಹಾಡುವವರ, ಕುಣಿಯುವವರ ವಿಷಯ ಬೇರೆ. ಅವರಿಗೆ ಬಾಯಿಪಾಠ ಬೇಕೇ ಬೇಕು, ಅದೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಷ್ಟು. ಯಕ್ಷಗಾನ ಕಲಿಸುವಾಗ ಮಾತಿಗಿಂತ ಮೊದಲು ತಾಳ, ಹೆಜ್ಜೆ ಕಲಿಸುವುದು ಯಾಕೆ? ಹೆಜ್ಜೆ ಕಾಲಿಗೆ ಕೂತರೆ ತಲೆ ಖಾಲಿಯಾಗಿ ಉಳಿಯುತ್ತದೆ. ಆ ಖಾಲಿ ಜಾಗದಲ್ಲಿ ಪದ್ಯ ಕೇಳಬಹುದು, ಎದುರಿನ ವೇಷವನ್ನು ನೋಡಬಹುದು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಅದೇ ಮನೆತನದ ನಾಲ್ಕನೆಯ ತಲೆಮಾರಿಗೂ ಬಂದಿದೆ. ಅಂಥ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ತಾಳ ಕಿವಿಗೆ ಬಿದ್ದಿರುತ್ತದೆ.

ನಿಂತುಕೊಂಡೇ, ದನಿ ತೆಗೆದೇ ಅಭ್ಯಾಸ ಮಾಡಿ. ಮೊದಲು ಒಬ್ಬರೇ. ಆಮೇಲೆ ಮನೆಯ ಜಗಲಿಯ ಮೇಲೆ ಅಮ್ಮನ ಎದುರು. ಆಮೇಲೆ ಪಕ್ಕದ ಮನೆಯ ನಾಲ್ಕು ಜನರನ್ನು ಕರೆಯಿರಿ. ಹೆದರಿಕೆ ಪ್ರತಿ ಸಲ ಸ್ವಲ್ಪ ಬರಬೇಕು, ತಡೆಯಲಾರದಷ್ಟು ಬರಬಾರದು. ನಾನು ಮಕ್ಕಳಿಗೆ ಹೇಳಿಕೊಡುವಾಗ ಬೇಕೆಂದೇ ನಡುವೆ ಬಾಗಿಲು ತೆಗೆಸುತ್ತೇನೆ, ಯಾರದ್ದಾದರೂ ಫೋನ್ ರಿಂಗ್ ಆಗಲಿ ಅಂತ ಬಿಡುತ್ತೇನೆ. ಸದ್ದಾದಾಗ ಮಗು ಒಂದು ಗಳಿಗೆ ನಿಲ್ಲಬೇಕು, ಸದ್ದನ್ನು ಕೇಳಬೇಕು, ಮತ್ತೆ ಮಾತಿಗೆ ಬರಬೇಕು. ಎರಡು ಮೂರು ಸಲ ಹೀಗಾದ ಮೇಲೆ ಸದ್ದು ಶತ್ರು ಅನ್ನಿಸುವುದಿಲ್ಲ.

ಕಾರವಾರದ ಕಡೆಯ ಕೆಲವರಿಗೆ ಇನ್ನೊಂದು ಅಂಜಿಕೆ ಇರುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮೈಕಿನ ಮುಂದೆ ನನ್ನ ಕನ್ನಡ ಎಲ್ಲಿ ಕೊಂಕಣಿಯ ಹಾಗೆ ಕೇಳುತ್ತದೋ ಅನ್ನುವ ಹೆದರಿಕೆ. ಹವ್ಯಕರಿಗೂ, ಹಾಲಕ್ಕಿಗಳಿಗೂ, ಭಟ್ಕಳದ ನವಾಯತಿ ಮಾತಾಡುವವರಿಗೂ ಇದೇ ಕಥೆ. ಒಂದೊಂದು ಅಕ್ಷರಕ್ಕೂ ಕಾವಲು ಕೂತರೆ ಮಾತು ಮುಗ್ಗರಿಸುವುದು ಖಂಡಿತ. ರೂಢಿಯಾದ ಯಾವ ಕೆಲಸವೇ ಆಗಲಿ, ಮಾಡುವಾಗ ಅದರ ಬಿಡಿಬಿಡಿ ಚಲನೆಯನ್ನು ನೋಡತೊಡಗಿದರೆ ಕೆಡುತ್ತದೆ. ನಿಮ್ಮ ಊರಿನ ರಾಗ ನಿಮ್ಮ ಮಾತಿನಲ್ಲಿ ಇರಲಿ. ಕೇಳುವವರಿಗೆ ಅದು ಹಿತವಾಗಿಯೇ ಕೇಳುತ್ತದೆ, ಇದನ್ನು ನಾನು ಮನಸಾರೆ ನಂಬಿದ್ದೇನೆ.

ಆ ದಿನ: ಜಾಗವನ್ನು ಮೊದಲು ನಿಮ್ಮದು ಮಾಡಿಕೊಳ್ಳಿ

ಒಂದು ಗಂಟೆ ಮುಂಚೆ ಹೋಗಿ. ಖಾಲಿ ವೇದಿಕೆಯ ಮೇಲೆ ಒಮ್ಮೆ ನಡೆಯಿರಿ. ಹಲಗೆ ಎಲ್ಲಿ ಕಿರುಗುಟ್ಟುತ್ತದೆ, ವೈರು ಎಲ್ಲಿ ಹಾದುಹೋಗಿದೆ, ಮೆಟ್ಟಿಲು ಎಷ್ಟಿವೆ, ನೋಡಿಕೊಳ್ಳಿ. ಮೈಕನ್ನು ಮುಟ್ಟಿ, ಎತ್ತರ ಸರಿಮಾಡಿಸಿ, ಅದರಲ್ಲಿ ನಿಮ್ಮ ದನಿಯನ್ನು ಒಮ್ಮೆ ಕೇಳಿ. ಬಾಕ್ಸಿನಿಂದ ಬರುವ ಸ್ವಂತ ದನಿ ಮೊದಲ ಸಲ ಯಾರದ್ದೋ ದನಿಯ ಹಾಗೆ ಕೇಳುತ್ತದೆ. ಆ ಆಶ್ಚರ್ಯ ಸಭೆಯ ಮುಂದೆ ಆಗುವುದಕ್ಕಿಂತ ಖಾಲಿ ಕುರ್ಚಿಗಳ ಮುಂದೆ ಆಗಲಿ. ಆಮೇಲೆ ಕೊನೆಯ ಸಾಲಿನಲ್ಲಿ ಹೋಗಿ ಕೂತು ವೇದಿಕೆಯನ್ನು ನೋಡಿ. ಅಲ್ಲಿಂದ ನಿಮ್ಮ ಬೆರಳ ನಡುಕ ಕಾಣುವುದು ಸಾಧ್ಯವೇ ಇಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಕಾರವಾರದ ಮಯೂರವರ್ಮ ವೇದಿಕೆಯಂಥ ಬಯಲು ಜಾಗದಲ್ಲಿ ಕಡಲ ಗಾಳಿ ಮೈಕಿನೊಳಗೆ ಬುಸುಗುಡಬಹುದು. ರಾತ್ರಿಯಾದರೆ ದೀಪದ ಬೆಳಕಿನಲ್ಲಿ ಜನರ ಮುಖ ಕಾಣುವುದಿಲ್ಲ. ಅಲ್ಲಿ ಮುಂದಿನ ಸಾಲಿನಲ್ಲಿ ಕಾಣುವ ಎರಡು ಮೂರು ಮುಖಗಳನ್ನೇ ನಂಬಿಕೊಳ್ಳಬೇಕು.

ಕೊನೆಯ ಅರ್ಧ ಗಂಟೆ: ಕೈಗೆ ಕೆಲಸ

ಈ ಅರ್ಧ ಗಂಟೆಯಲ್ಲಿ ಮತ್ತೆ ಮತ್ತೆ ಕಾಗದ ತಿರುವಬೇಡಿ. ಆಗ ಕಂಡದ್ದೆಲ್ಲ ಮರೆತ ಹಾಗೇ ಅನ್ನಿಸುತ್ತದೆ. ಕಾಫಿ, ಚಾ ಬೇಡ, ಅವು ಎದೆ ಬಡಿತಕ್ಕೆ ಇನ್ನಷ್ಟು ಸೇರಿಸುತ್ತವೆ. ಉಗುರು ಬೆಚ್ಚಗಿನ ನೀರೋ ಕಷಾಯವೋ ನಾಲ್ಕು ಗುಟುಕು ಸಾಕು. ಹೊಟ್ಟೆ ತುಂಬ ಉಂಡು ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ.

ಹಾಗಾದರೆ ಏನು ಮಾಡುವುದು? ಯಕ್ಷಗಾನದ ಆಟದ ರಾತ್ರಿ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ ನೋಡಿ. ವೇಷಧಾರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾನೆ. ಎದುರಿಗೆ ಪುಟ್ಟ ಕನ್ನಡಿ, ಅಂಗೈಯಲ್ಲಿ ಕಲೆಸಿದ ಬಣ್ಣ. ಹಣೆಯ ನಾಮದ ಅಂಚಿಗೆ ಕಡ್ಡಿಯಿಂದ ನೂಲಿನಷ್ಟು ಸಪೂರ ಗೆರೆ ಎಳೆಯಬೇಕು. ಆ ಗೆರೆ ಎಳೆಯುವಷ್ಟು ಹೊತ್ತು ಅವನಿಗೆ ಬೇರೆ ಏನೂ ಇಲ್ಲ. ಕಣ್ಣು, ಕಡ್ಡಿ, ಗೆರೆ. ಒಂದು ಗೆರೆ ಮುಗಿದರೆ ಇನ್ನೊಂದು. ಆಮೇಲೆ ಗೆಜ್ಜೆಯ ಗಂಟು, ಆಮೇಲೆ ತಲೆಯ ಮೇಲೆ ಬಿಗಿಯುವ ಬಟ್ಟೆಯ ಸುತ್ತು. ಎಲ್ಲ ಮುಗಿಸಿ ಚೌಕಿಯ ಗಣಪತಿಗೆ ಕೈಮುಗಿದು ಎದ್ದಾಗ ತಾಸುಗಟ್ಟಲೆ ಹೊತ್ತು ಕಳೆದಿರುತ್ತದೆ. ಆ ಹೊತ್ತಿಡೀ ಮನಸ್ಸಿಗೆ ಅಲೆಯಲು ಪುರಸೊತ್ತೇ ಸಿಕ್ಕಿರುವುದಿಲ್ಲ.

ಭಾಷಣಕ್ಕೆ ಹೊರಟವರಿಗೆ ಬಣ್ಣ ಇಲ್ಲ, ನಿಜ. ಆದರೂ ಕೈಗೆ ಕೆಲಸ ಹುಡುಕಬಹುದು. ಕಾರ್ಡನ್ನು ಅಂದವಾಗಿ ಇನ್ನೊಮ್ಮೆ ಬರೆಯಿರಿ. ಸೀರೆಯ ನೆರಿಗೆ ಒಂದೊಂದಾಗಿ ಸರಿಮಾಡಿಕೊಳ್ಳಿ. ಕುರ್ಚಿ ಹಾಕುವವರ ಜೊತೆ ಸೇರಿ ಕುರ್ಚಿ ಹಾಕಿ. ನನ್ನ ಹತ್ತಿರ ಕಲಿಯಲು ಬಂದ ಒಬ್ಬ ಹುಡುಗಿ ಬೇರೆ ಮಕ್ಕಳಿಗೆ ಜಡೆ ಹಾಕಿಕೊಡುತ್ತಾ ಕೂರುತ್ತಿದ್ದಳು. ಅದಕ್ಕಿಂತ ಒಳ್ಳೆಯ ಉಪಾಯ ನನಗೂ ಹೊಳೆದಿರಲಿಲ್ಲ.

ಎದೆ ಬಡಿತ ಆಗಲೂ ಇರುತ್ತದೆ, ಇರಲಿ. ಅದಕ್ಕೆ ಹೆಸರು ಬದಲಿಸಿ ಕೊಡಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಷಣ ಮಾಡಬೇಕಾದ ಕೆಲವರಿಗೆ 'ನಾನು ಶಾಂತವಾಗಿದ್ದೇನೆ' ಅಂತ ಹೇಳಿಕೊಳ್ಳಲು ಹೇಳಿದರು, ಇನ್ನು ಕೆಲವರಿಗೆ 'ನನಗೆ ಉತ್ಸಾಹ ಬಂದಿದೆ' ಅಂತ. ಎರಡನೆಯವರ ಭಾಷಣವೇ ಚೆನ್ನಾಗಿತ್ತು. ಬಡಿಯುವ ಎದೆಯನ್ನು ಹಿಡಿದು ನಿಲ್ಲಿಸುವುದು ಕಷ್ಟ. ಅದೇ ಬಡಿತವನ್ನು ಉಮೇದು ಅಂತ ಒಪ್ಪಿಕೊಳ್ಳುವುದು ಸುಲಭ. 'ನನಗೆ ಉಮೇದು ಬಂದಿದೆ' ಅಂತ ಬಾಯಿಬಿಟ್ಟೇ ಹೇಳಿಕೊಳ್ಳಿ.

ನಿಮ್ಮ ಸರದಿಗೆ ಕಾಯುವಾಗ: ಹಿಂದಿನವರ ಮಾತು ಕೇಳಿ

ಈ ಬರಹದಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಹೇಳುತ್ತೇನೆ.

ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದರ ಅರ್ಥ ಮಾತಾಡುತ್ತಾನೆ. ಬರೆದಿಟ್ಟದ್ದು ಪದ್ಯ ಮಾತ್ರ. ಮಾತು ಅಲ್ಲೇ, ಆಗಲೇ ಹುಟ್ಟಬೇಕು. ಹೊಸಬ ಏನು ಮಾಡುತ್ತಾನೆ ಅಂದರೆ, ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ಹೇಳುವ ಮಾತನ್ನೆಲ್ಲ ಮನೆಯಲ್ಲೇ ಕಟ್ಟಿಕೊಂಡು ಬರುತ್ತಾನೆ. ಎದುರು ಕೂತ ಕೃಷ್ಣ ಮಾತಾಡುತ್ತಿದ್ದರೆ ಇವನು ಒಳಗೊಳಗೇ ತನ್ನ ಮಾತನ್ನು ಉರು ಹೊಡೆಯುತ್ತಿರುತ್ತಾನೆ. ಸರದಿ ಬಂದಾಗ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಸಭೆ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಅದನ್ನು ಕಂಡು ಅವನೂ ತಬ್ಬಿಬ್ಬಾಗುತ್ತಾನೆ, ಕಟ್ಟಿಕೊಂಡು ಬಂದದ್ದೂ ಚದುರಿಹೋಗುತ್ತದೆ.

ಪಳಗಿದವರನ್ನು ನೋಡಿ. ಎದುರಾಳಿ ಮಾತಾಡುವಾಗ ಅವರ ಮೈಯೇ ಕಿವಿಯಾಗಿರುತ್ತದೆ. ಸ್ವಲ್ಪ ಮುಂದೆ ಬಾಗಿ ಕೂತಿರುತ್ತಾರೆ. ಎದುರಾಳಿಯ ಕೊನೆಯ ಶಬ್ದವನ್ನೇ ಎತ್ತಿಕೊಂಡು ತಮ್ಮ ಮೊದಲ ವಾಕ್ಯ ಶುರು ಮಾಡುತ್ತಾರೆ. 'ಐದು ಊರು ಸಾಕು ಅಂದೆಯಲ್ಲ, ಬೇಡುವವನು ಲೆಕ್ಕ ಯಾಕೆ ಹಿಡಿಯುತ್ತಾನೆ ಕೃಷ್ಣಾ?' ಇಂಥ ಮಾತು ಮನೆಯಲ್ಲಿ ಕೂತು ಹೊಳೆಯುವುದು ಕಷ್ಟ. ಇವರಿಗೆ ಹೆದರಿಕೆ ಇಲ್ಲ ಅಂತಲ್ಲ, ಕೇಳುವ ಕೆಲಸದ ನಡುವೆ ಹೆದರಿಕೆಗೆ ಕೂರಲು ಜಾಗ ಉಳಿದಿರುವುದಿಲ್ಲ.

ಇದನ್ನೇ ಸಭೆಯಲ್ಲಿ ಮಾಡಿ. ನಿಮಗಿಂತ ಮೊದಲು ಮಾತಾಡುವವರನ್ನು ನಿಜವಾಗಿ ಕೇಳಿ. ಸುಮ್ನೆ ತಲೆ ಆಡಿಸುವುದಲ್ಲ. ಅವರ ಮಾತಿನಿಂದ ಒಂದು ವಾಕ್ಯ ಎತ್ತಿಕೊಳ್ಳುತ್ತೇನೆ ಅಂತ ಗುರಿ ಇಟ್ಟುಕೊಂಡು ಕೇಳಿ. ನಿಮ್ಮ ಸರದಿ ಬಂದಾಗ ಅದರಿಂದಲೇ ಶುರು ಮಾಡಬಹುದು: "ಈಗಷ್ಟೇ ಮಾತಾಡಿದವರು ಅಡಕೆ ಕೊಳೆರೋಗದ ಬಗ್ಗೆ ಒಂದು ಮಾತು ಹೇಳಿದರು, ನನ್ನ ವರದಿಯೂ ಅಲ್ಲಿಂದಲೇ ಶುರುವಾಗುತ್ತದೆ." ಸಭೆ ಕೂಡಲೇ ನಿಮ್ಮ ಜೊತೆ ಬರುತ್ತದೆ. ಹಾಡುವವರಾದರೆ ಹಿಂದಿನವರ ಹಾಡಿನ ತಾಳವನ್ನು ಬೆರಳಿನಲ್ಲಿ ಎಣಿಸುತ್ತಾ ಕೇಳಿ. ಸಂದರ್ಶನದ ಕೋಣೆಯ ಹೊರಗೆ ಕಾಯುತ್ತಿದ್ದರೆ ಪಕ್ಕದಲ್ಲಿ ಕೂತವರ ಹತ್ತಿರ ಊರು ಯಾವುದು ಅಂತ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.

ಮೊದಲ ಅರ್ಧ ನಿಮಿಷ

ಹೆಸರು ಕರೆದಾಗ ಓಡಬೇಡಿ. ಏಳುವಾಗ ಎರಡೂ ಪಾದ ನೆಲಕ್ಕೆ ಒತ್ತಲಿ. ನಡೆಯುವಾಗ ಹೆಜ್ಜೆ ಗೊತ್ತಾಗಲಿ. ಮೈಕಿನ ಮುಂದೆ ನಿಂತು ಒಂದು ಉಸಿರು ಪೂರ್ತಿ ಹೊರಗೆ ಬಿಡಿ. ಒಂದು ಮುಖ ನೋಡಿ, ಮುಖ ಅಂದರೆ ನಿಜವಾಗಿ ಆ ಮುಖ. ಕನ್ನಡಕ ಇದೆಯೋ, ತಲೆಗೆ ಹೂವು ಮುಡಿದಿದ್ದಾರೋ, ಮಗುವನ್ನು ಎತ್ತಿಕೊಂಡಿದ್ದಾರೋ. ಆಮೇಲೆ ಮೊದಲ ವಾಕ್ಯವನ್ನು ಅವರಿಗೇ ಹೇಳಿ. ಎರಡನೆಯ ವಾಕ್ಯ ಇನ್ನೊಂದು ಮುಖಕ್ಕೆ. ಜನರ ತಲೆಯ ಮೇಲೆ, ಹಿಂದಿನ ಗೋಡೆ ನೋಡಿ ಮಾತಾಡು ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗೋಡೆಯನ್ನು ನೋಡುವವರ ಗಮನ ಮತ್ತೆ ಒಳಕ್ಕೇ ತಿರುಗುತ್ತದೆ.

ಮೊದಲ ವಾಕ್ಯ ಬೇಕೆಂದೇ ನಿಧಾನ ಹೇಳಿ. ಮೈಯಲ್ಲಿ ಅಡ್ರಿನಲಿನ್ ಇದ್ದಾಗ ನಮಗೆ ನಿಧಾನ ಅನ್ನಿಸಿದ್ದು ಕೇಳುವವರಿಗೆ ಸರಿಯಾದ ವೇಗದಲ್ಲೇ ಇರುತ್ತದೆ.

ನಡುವೆ ತಪ್ಪಿದರೆ

ತಪ್ಪುತ್ತದೆ, ಎಲ್ಲರಿಗೂ. ಮಾತು ಮರೆತರೆ ನಿಲ್ಲಿ. ಪಾದ ಎಲ್ಲಿದೆ ಅಂತ ನೋಡಿಕೊಳ್ಳಿ. ಈಗಷ್ಟೇ ಹೇಳಿದ ವಾಕ್ಯವನ್ನು ಇನ್ನೊಮ್ಮೆ, ಒತ್ತು ಕೊಟ್ಟು ಹೇಳಿ. ಹತ್ತರಲ್ಲಿ ಎಂಟು ಸಲ ಮುಂದಿನದು ಅದರ ಹಿಂದೆಯೇ ಬರುತ್ತದೆ. ಬರಲಿಲ್ಲವೋ, ನಾಚಿಕೆ ಇಲ್ಲದೆ ಕಾರ್ಡು ನೋಡಿ. ಎರಡು ಸೆಕೆಂಡಿನ ಮೌನ ನಿಮಗೆ ಎರಡು ನಿಮಿಷ ಅನ್ನಿಸಬಹುದು, ಸಭೆಗೆ ಅದು ಗೊತ್ತೂ ಆಗುವುದಿಲ್ಲ. ವೇಷಧಾರಿಗಳಿಗೆ ಇನ್ನೊಂದು ಅನುಕೂಲ ಇದೆ: ತಾಳ ನಡೆಯುತ್ತಲೇ ಇರುತ್ತದೆ. ಹೆಜ್ಜೆ ತಪ್ಪಿದರೆ ತಪ್ಪಿದ ಹೆಜ್ಜೆಯನ್ನು ಯೋಚಿಸದೆ ಮದ್ದಲೆಯನ್ನು ಕೇಳಿ, ಮುಂದಿನ ಆವರ್ತಕ್ಕೆ ಸೇರಿಕೊಳ್ಳಿ. ಭಾಗವತರು ಪದ್ಯದ ಸಾಲನ್ನು ಇನ್ನೊಮ್ಮೆ ಎತ್ತಿ ನಿಮ್ಮನ್ನು ದಾಟಿಸುತ್ತಾರೆ.

ಎಲ್ಲರೂ ನನ್ನ ತಪ್ಪನ್ನೇ ನೋಡುತ್ತಿದ್ದಾರೆ ಅನ್ನಿಸುವುದು ಎಷ್ಟು ಸುಳ್ಳು ಅನ್ನುವುದಕ್ಕೆ ಎರಡು ಪ್ರಯೋಗಗಳಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಯವರು ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಗಾಯಕನ ಚಿತ್ರದ ಟೀಶರ್ಟ್ ತೊಡಿಸಿ ಬೇರೆಯವರು ಕೂತ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದುಕೊಂಡಿದ್ದರು. ಗಮನಿಸಿದ್ದು ಕಾಲುಭಾಗದಷ್ಟು ಜನ. ಇದು ಪ್ರಕಟವಾದದ್ದು 2000ದಲ್ಲಿ. 2003ರಲ್ಲಿ ಸವಿಟ್ಸ್‌ಕಿ ಮತ್ತು ಗಿಲೊವಿಚ್ ಭಾಷಣಕಾರರ ಮೇಲೆ ಪ್ರಯೋಗ ಮಾಡಿದರು. ನಿಮ್ಮೊಳಗಿನ ನಡುಕ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ ಅಂತ ಮೊದಲೇ ತಿಳಿಸಿದವರ ಭಾಷಣ, ತಿಳಿಸದೆ ಇದ್ದವರ ಭಾಷಣಕ್ಕಿಂತ ಚೆನ್ನಾಗಿತ್ತು. ಈಗ ನಿಮಗೂ ತಿಳಿಯಿತು, ಅಲ್ವಾ?

ವೈದ್ಯರ ಹತ್ತಿರ ಹೋಗಬೇಕಾದಾಗ

ಹೆದರಿಕೆಯಿಂದಾಗಿ ಶಾಲೆ ಬಿಡುವುದು, ಬಡ್ತಿ ಬೇಡ ಅನ್ನುವುದು, ಅಂಗಡಿಯಲ್ಲಿ ಮಾತಾಡುವುದಕ್ಕೂ ಹಿಂಜರಿಯುವುದು, ತಿಂಗಳುಗಟ್ಟಲೆ ನಿದ್ದೆ ಕೆಡುವುದು. ಇಷ್ಟಾದರೆ ಅದು ಬರೀ ಸಭಾಕಂಪ ಅಲ್ಲದಿರಬಹುದು. ಮನೋವೈದ್ಯರನ್ನು ಕಾಣಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎದೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಥರದ ಮಾತ್ರೆಯನ್ನು ಯಾರದ್ದೋ ಮಾತು ಕೇಳಿ ನುಂಗಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ.

ಮುಗಿದ ಮೇಲೆ

ಇಳಿದ ಕೂಡಲೇ ಮನಸ್ಸು ಇಡೀ ಭಾಷಣವನ್ನು ಮತ್ತೆ ಓಡಿಸಿ, ತಪ್ಪುಗಳನ್ನು ಮಾತ್ರ ಹೆಕ್ಕತೊಡಗುತ್ತದೆ. ಅವತ್ತು ರಾತ್ರಿ ಆ ವಿಚಾರಣೆ ಬೇಡ. ಮಾರನೇ ದಿನ ಒಂದು ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ. ವೇದಿಕೆಯಿಂದ ನಾನು ಏನು ಕಂಡೆ? ಏನು ಕೇಳಿದೆ? ಗಮನ ಎಲ್ಲಿ ತಪ್ಪಿ ಹೇಗೆ ವಾಪಸು ಬಂತು? ಮೊದಲ ಸಲ 'ಏನೂ ಕಾಣಲಿಲ್ಲ' ಅಂತಲೇ ಬರೆಯುವ ಹಾಗಾಗಬಹುದು. ನಾಲ್ಕನೆಯ ಸಲಕ್ಕೆ 'ಎರಡನೇ ಸಾಲಿನ ಅಜ್ಜ ನಕ್ಕರು' ಅಂತ ಬರೆಯುತ್ತೀರಿ. ಗಮನ ಹೊರಗೆ ಬರುತ್ತಿದೆ ಅನ್ನುವುದಕ್ಕೆ ಅಂಥ ಸಾಲೇ ಗುರುತು. ಚಪ್ಪಾಳೆಯ ಲೆಕ್ಕ ಇಡಬೇಡಿ.

ಮುಂದಿನ ಅವಕಾಶ ತಿಂಗಳೊಳಗೆ ಸಿಗುವ ಹಾಗೆ ನೋಡಿಕೊಳ್ಳಿ. ಅಂತರ ಉದ್ದವಾದಷ್ಟೂ ಹೆದರಿಕೆ ಮತ್ತೆ ಬೆಳೆಯುತ್ತದೆ. ಶುರುವಿಗೆ ವಂದನಾರ್ಪಣೆ ಕೇಳಿ ತಗೊಳ್ಳಿ. ಹೆಚ್ಚಿನ ಕಡೆ ಅದನ್ನು ಮಾಡಲು ಯಾರೂ ಮುಂದೆ ಬರುವುದಿಲ್ಲ, ಹಾಗಾಗಿ ಕೇಳಿದರೆ ಸಂಘಟಕರು ಖುಷಿಯಿಂದ ಕೊಡುತ್ತಾರೆ. ಐದೇ ನಿಮಿಷದ ಕೆಲಸ. ಅದಕ್ಕೆ ಇಡೀ ಕಾರ್ಯಕ್ರಮವನ್ನು ಕಿವಿಗೊಟ್ಟು ಕೇಳಬೇಕು. ಯಾರು ಏನು ಹೇಳಿದರು, ಊಟಕ್ಕೆ ಬಡಿಸಿದವರು ಯಾರು, ಕರೆಂಟು ಹೋದಾಗ ಜನರೇಟರ್ ಹಾಕಿದವರು ಯಾರು, ಎಲ್ಲ ಗುರುತು ಹಾಕಿಕೊಳ್ಳುತ್ತಾ ಕೂತಿದ್ದರೆ ನಿಮ್ಮ ಸರದಿ ಬಂದದ್ದೇ ಗೊತ್ತಾಗುವುದಿಲ್ಲ.